ದೊಡ್ಡಮ್ಮ ತುಳಿದ ಹಿಮ

ಬಿಳಿಯದು ಏನೇ ಕಂಡರೂ ನಮ್ಮ ದೊಡ್ಡಮ್ಮ ಅದನ್ನು ತುಳಿಯುತ್ತಿರಲಿಲ್ಲ. ರಂಗೋಲಿ ಎದುರಾದರೆ ಅಷ್ಟು ದಪ್ಪ ಮೈಯನ್ನೂ ಪಕ್ಕಕ್ಕೆ ಹಾರಿಸಿ ಒಳಗೆ ಹೋಗುವಳು. ಬಂಗಾರಪೇಟೆ ಬಳಿಯ ಅವಳ ಊರಿನ ಡೇರಿಯಲ್ಲಿ ಕ್ಯಾನಿನಿಂದ ಒಂದಿಷ್ಟು ಹಾಲು ಚೆಲ್ಲಿದರೂ ಸಾಲಿನಲ್ಲಿ ನಿಂತವರನ್ನೆಲ್ಲ ಹಿಂದೆ ಸರಿಸುವಳು. “ಕಾಲ್ ತಗೀಲಾ, ಅನ್ನ ತುಳೀತಿದೀಯ.” ಹೀಗೆ ಬೈಸಿಕೊಂಡವರಲ್ಲಿ ಡೇರಿಯ ಕಾರ್ಯದರ್ಶಿಯೂ ಇದ್ದರು.

ಹೆಸರು ಮುನಿರತ್ನಮ್ಮ, ನನ್ನ ತಾಯಿಯ ಅಕ್ಕ. ಹಸು ಬಿಟ್ಟು ಎಲ್ಲಿಗೂ ಹೋಗದವಳಿಗೆ ಹಿಮ ನೋಡುವ ಆಸೆ ಹತ್ತಿಸಿದ್ದು ಟೀವಿಯ ಸಿನಿಮಾ ಹಾಡುಗಳು. ನಾಯಕ ನಾಯಕಿ ಹಿಮದಲ್ಲಿ ಉರುಳಾಡುವಾಗ ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು. “ಅವನ್ಗೆ ಕೋಟು, ಅವಳ್ಗೆ ತೆಳ್ಳನೆ ಸೀರೆ. ನೆಗಡಿ ಬಂದ್ರೆ ಕಸಾಯ ಇವನ್ ಕಾಯಿಸ್ತಾನಾ?” ಆದರೂ ಹಾಡು ಮುಗಿಯುವವರೆಗೆ ಏಳುತ್ತಿರಲಿಲ್ಲ.

ಮಂಡಿ ಸವೆದಿದೆ, ಮುಂದೆ ನಡೆಯುವುದೇ ಕಷ್ಟವಾದೀತು ಎಂದು ಡಾಕ್ಟರು ಹೇಳಿದ ದಿನ ಅವಳು ತೀರ್ಮಾನಿಸಿಬಿಟ್ಟಳು. “ಕಾಲಿರೋವಾಗ್ಲೇ ಒಂದ್ಸಲ ಅದ್ರ ಮ್ಯಾಲೆ ನಡೆದ್ಬಿಡ್ಬೇಕು.” ಡೇರಿಯ ಹೆಂಗಸರು ಮನಾಲಿಗೆ ಹೊರಟಿದ್ದ ಪ್ರವಾಸಕ್ಕೆ ಸೇರಿಕೊಂಡಳು, ಹಿಂದಿ ಬರುತ್ತದೆಂದು ನನ್ನನ್ನೂ ಎಳೆದುಕೊಂಡಳು. ನನ್ನ ಹಿಂದಿಗೆ ಕೆಲಸ ಬೀಳಲಿಲ್ಲ. ದೊಡ್ಡಮ್ಮ ಎಲ್ಲರೊಡನೆ ತೆಲುಗಿನಲ್ಲಿ ಮಾತಾಡಿದಳು. ತಿಳಿಯದವರಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದಳು. ದಾರಿಯುದ್ದಕ್ಕೂ ದೊಡ್ಡಪ್ಪನಿಗೆ ಫೋನು: “ಗೌರಿಗೆ ಬೂಸಾ ಇಟ್ರಾ? ನೀವ್ ಉಂಡ್ರಾ ಅಂತ ಆಮೇಲ್ ಕೇಳ್ತೀನಿ.”

ಹಿಮದ ಬಯಲಿಗೆ ಬಂದಾಗ ಅವಳ ಮೈಮೇಲೆ ಬಾಡಿಗೆಯ ಕೆಂಪು ಕೋಟು, ಮೊಳಕಾಲುದ್ದದ ರಬ್ಬರ್ ಬೂಟು, ತಲೆಗೆ ದೊಡ್ಡಪ್ಪನ ಟವಲು. ಡ್ರೈವರು ಒಂದು ಗಂಟೆ ಕೊಟ್ಟಿದ್ದ. ಉಳಿದ ಹೆಂಗಸರು ಓಡಿ, ಬಿದ್ದು, ಒಬ್ಬರ ಮೇಲೊಬ್ಬರು ಹಿಮ ಎರಚಾಡಿದರು. ದೊಡ್ಡಮ್ಮ ಮಾತ್ರ ಡಾಂಬರಿನ ಅಂಚಿನಲ್ಲೇ ನಿಂತಳು.

“ಬಾ ದೊಡ್ಡಮ್ಮ, ಹೊತ್ತಾಗುತ್ತೆ.”

“ರಾಶಿ ಆಕಿರೋ ಕಣದಂಗೈತಲ್ಲೇ. ಬೂಟ್ ಇಕ್ಕೊಂಡ್ ಎಂಗ್ ತುಳೀಲಿ?”

ನಮ್ಮ ಕಡೆ ಕಣದಲ್ಲಿ ರಾಶಿ ಇದ್ದಾಗ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ.

“ಇದು ಬರೀ ನೀರು, ದೊಡ್ಡಮ್ಮ.”

“ನೀರ್ನ ಬೂಟಲ್ ಕುಡೀತಿಯೇನೇ?”

ಕೊಟ್ಟ ಹೊತ್ತು ಹೀಗೇ ಕಳೆಯುತ್ತಿತ್ತು. ಇಷ್ಟು ದೂರ ಬಂದು ಇವಳು ನಡೆಯದೆಯೇ ಹಿಂದಿರುಗುತ್ತಾಳೆ ಅಂದುಕೊಂಡೆ. ಆಗ ಅವಳು ಒಂದು ಬಂಡೆಯ ಮೇಲೆ ಕೂತು ನನ್ನತ್ತ ಕಾಲು ಚಾಚಿದಳು. “ಕಿತ್ತಾಕು ಇವನ್ನ.”

ಕಳಚಿದೆ. ಬೂಟು ಬಾಡಿಗೆಗೆ ಕೊಟ್ಟಿದ್ದವನು ಬೇಡ ಬೇಡವೆಂದು ಕೈಯಾಡಿಸುತ್ತ ಓಡಿಬಂದ. ದೊಡ್ಡಮ್ಮ ಒಂದು ಚಿಟಿಕೆ ಹಿಮವನ್ನು ಕಣ್ಣಿಗೊತ್ತಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ನಡೆದಳು. ಸ್ವಲ್ಪ ದೂರ ಗಂಭೀರವಾಗಿಯೇ ಹೋದಳು. ಆಮೇಲೆ ಅವಳ ದನಿ ಕೇಳಿತು: “ಅಯ್ಯೋ, ಇದ್ರ ಮನೆ ಆಳಾಗ, ಸುಡ್ತೈತಲ್ಲೇ.”

ಆದರೂ ತಿರುಗಲಿಲ್ಲ. ಬಯಲಿನ ನಡುವಿನವರೆಗೆ ಹೋಗಿ ನಿಂತು ಸುತ್ತ ನೋಡಿದಳು. ಹಿಂದಕ್ಕೆ ಬರಲು ಮಾತ್ರ ಪಾದಗಳು ಒಪ್ಪಲಿಲ್ಲ. ಕೊನೆಗೆ ಮಕ್ಕಳನ್ನು ಕೂರಿಸಿ ಎಳೆಯುವ, ಚಕ್ರವಿಲ್ಲದ ಮರದ ಗಾಡಿಯಲ್ಲಿ ಅವಳನ್ನು ಇಬ್ಬರು ಎಳೆದು ತಂದರು. ಟವಲು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದ ದೊಡ್ಡಮ್ಮ ಅವರಿಗೆ ಹೇಳುತ್ತಲೇ ಇದ್ದಳು: “ಮೆಲ್ಲಗಾ ನಾಯನಾ, ಮೆಲ್ಲಗಾ.” ಆ ಕಾಳಜಿ ತನ್ನ ಸೊಂಟದ ಬಗ್ಗೆಯಲ್ಲ, ಹಿಮದ ಬಗ್ಗೆ.

ಊರಿಗೆ ಬಂದಮೇಲೆ ಡೇರಿಯ ಸಾಲಿನಲ್ಲಿ ನಿಂತು ಹಿಮವನ್ನು ಬಾಯ್ತುಂಬ ಬೈದಳು. “ಏನೈತೆ ಅಲ್ಲಿ? ಒಂದ್ ಉಲ್ಕಡ್ಡಿ ಇಲ್ಲ. ಅಸ ಕಟ್ಟಿದ್ರೆ ಸತ್ತೋಗ್ತದೆ.” ಹೌದಂತೆ, ಬರೀ ಚಳಿಯಂತೆ ಎಂದು ಯಾರಾದರೂ ದನಿಗೂಡಿಸಿದರೆ ಅವರ ಮೇಲೇ ತಿರುಗಿ ಬೀಳುವಳು: “ನೀನ್ ನೋಡಿದೀಯೇನ್ಲಾ? ನೋಡ್ದೆ ಮಾತಾಡ್ಬೇಡ.”

ಮರುವರ್ಷ ಮಂಡಿ ಪೂರ್ತಿ ಕೈಕೊಟ್ಟಿತು. ಅವಳನ್ನು ಕೊನೆಯ ಸಲ ನೋಡಿದ್ದು ಒಂದು ಏಪ್ರಿಲ್ ಮಧ್ಯಾಹ್ನ, ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಪಾಠ ಮುಗಿಸಿ ಹೋದಾಗ. ವಿಪರೀತ ಸೆಖೆ. ಮಂಚದ ಮೇಲೆ ಕಾಲು ನೀಡಿ ಒರಗಿದ್ದಳು.

“ಮಗಳೇ, ನಾನ್ ತುಳಿದಿದ್ದು ಈಗ ಕರಗಿರ್ತದಾ?”

“ಬೇಸಿಗೆಗೆ ಕರಗುತ್ತೆ. ಆಮೇಲೆ ಹೊಸದು ಬೀಳುತ್ತೆ.”

“ಅಂಗಾರೆ ನನ್ ಕಾಲಿನ ಗುರ್ತು ಓಯ್ತು ಅನ್ನು.”

ಅದು ಸಮಾಧಾನವೋ ಬೇಸರವೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತಿರಲಿಲ್ಲ, ಮಂಡಿ ನೀವಿಕೊಂಡಳು. ನೀವುತ್ತಲೇ ಕೇಳಿದಳು.

“ಒಸಾದ್ನೂ ಬೂಟ್ ಇಕ್ಕೊಂಡೇ ತುಳೀತಾರಾ?”

“ಹೌದು, ದೊಡ್ಡಮ್ಮ.”

“ಮುಂಡೇವು.”