ಕ್ಯಾಂಪು ಬಂದೈತಂತೆ!

ನಲವತ್ತು ತುಂಬಿದ ವರ್ಷ ನಾನು ಮಾಡಿದ ಮೊದಲ ಕಳ್ಳ ಕೆಲಸವೆಂದರೆ ಯಾರಿಗೂ ಹೇಳದೆ ಹಾಸನಕ್ಕೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದದ್ದು. ಅಂಗಡಿಯವನು ಅದನ್ನು ಕನ್ನಡಕ ಎಂದಿದ್ದರೆ ನನಗೂ ಅಷ್ಟು ಬೇಸರವಾಗುತ್ತಿರಲಿಲ್ಲ. "ನಿಮಗಿನ್ನು ಚಾಳೀಸು ಬೇಕೇ ಬೇಕು ಸಾರ್" ಎಂದುಬಿಟ್ಟ, ಅದೂ ಅಂಗಡಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ. ಈ ಪದವನ್ನು ನಮ್ಮ ಭಾಷೆಗೆ ತಂದ ಪುಣ್ಯಾತ್ಮ ಯಾರೋ ಕಾಣೆ. ಉತ್ತರದವರ ನಲವತ್ತು ದಾರಿ ಸವೆಸಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಮೂಗಿನ ಮೇಲೆ ಕೂರುವ ಗಾಜಾಗಿಬಿಟ್ಟಿದೆ. ಹಲ್ಲಿನ ಸೆಟ್ಟಿಗೆ ನಾವು 'ಅರವತ್ತು' ಎನ್ನುತ್ತೇವೆಯೇ? ಊರುಗೋಲಿಗೆ 'ಎಪ್ಪತ್ತು' ಎನ್ನುತ್ತೇವೆಯೇ? ಈ ಬಡಪಾಯಿ ವಸ್ತುವೊಂದು ಮಾತ್ರ ತನ್ನ ಯಜಮಾನನ ವಯಸ್ಸನ್ನು ಹೆಸರಿನಲ್ಲೇ ಹೊತ್ತು ತಿರುಗುತ್ತದೆ.

ಆದ್ದರಿಂದ ಅದನ್ನು ಶೇವಿಂಗ್ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಪೇಪರು ಓದುತ್ತಿದ್ದೆ. ಹೊರಗೆ ಯಾರಾದರೂ ಓದಲು ಏನನ್ನಾದರೂ ಕೊಟ್ಟರೆ ಕೈಯನ್ನು ಉದ್ದಕ್ಕೆ ಚಾಚಿ, ಮುಖ ಹಿಂದಕ್ಕೆಳೆದು, ವಿಷಯ ತುಂಬ ಗಹನವಾದದ್ದೆಂಬಂತೆ ಹುಬ್ಬು ಗಂಟಿಕ್ಕುತ್ತಿದ್ದೆ. ಕೈ ಇನ್ನೊಂದು ಗೇಣು ಉದ್ದವಿದ್ದಿದ್ದರೆ ನನಗೆ ಚಾಳೀಸೇ ಬೇಕಿರಲಿಲ್ಲ. ಹೆಂಡತಿ ಸರಳಾಗೆ ಇದೊಂದೂ ತಿಳಿದಿಲ್ಲವೆಂದು ನಾನು ನಂಬಿದ್ದೆ. ಗಂಡಂದಿರು ನಂಬುವ ಎಷ್ಟೋ ಸಂಗತಿಗಳಲ್ಲಿ ಇದೂ ಒಂದು.

ನಾನಿನ್ನೂ ತರುಣನೆಂದು ಊರಿಗೆ ತೋರಿಸಬೇಕಾದ ತುರ್ತು ಇದ್ದ ಹೊತ್ತಿಗೇ ಗೆಳೆಯ ಗೋಪಾಲ ಬಂದು, "ಬೆಟ್ಟದ ಮೇಲೆ ಕ್ಯಾಂಪ್ ಹಾಕೋಣ ಕಣೋ" ಎಂದ. ಗೋಪಾಲನದು ಆಲೂರಿನಲ್ಲಿ ಫೋಟೋ ಸ್ಟುಡಿಯೋ. ದಿನವಿಡೀ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿಸಿ ಬೇಸತ್ತವನಿಗೆ ಒಂದಾದರೂ ಸೂರ್ಯೋದಯವನ್ನು ಹಿಡಿಯುವ ಹಂಬಲ. ಯಾರದೋ ಕೈಕಾಲು ಹಿಡಿದು ಬಿಳಿಯ ಗುಡಾರವೊಂದನ್ನು ಎರವಲು ತಂದಿದ್ದ. ಕೆ. ಹೊಸಕೋಟೆಯ ಹತ್ತಿರ ಒಂದಿಷ್ಟು ಕಾಫಿ, ಒಂದಿಷ್ಟು ಶುಂಠಿ ಬೆಳೆದುಕೊಂಡಿರುವ ನನ್ನಂಥವನಿಗೆ ಬೆಟ್ಟವೇನು ಹೊಸದಲ್ಲ. ಆದರೆ ಬೆಟ್ಟದ ಮೇಲೆ ಬೇಕೆಂದೇ ಹೋಗಿ ಮಲಗುವುದು ಹೊಸತು. ಪಕ್ಕದ ಮನೆಯ ದೊಡ್ಡಮ್ಮ ಗಂಟುಮೂಟೆ ನೋಡಿ, "ಅಷ್ಟು ದೊಡ್ಡ ಮನೆ ಕಟ್ಟಿಸ್ಕಂಡು ಬಯಲಲ್ಲಿ ಮಲಗಕ್ಕೆ ಹೊಂಟ್ರಾ?" ಎಂದು ಮೂಗಿನ ಮೇಲೆ ಬೆರಳಿಟ್ಟರು. ಸರಳಾ ಮಾತ್ರ ಒಂದೇ ಮಾತಿಗೆ ಹೊರಟುಬಿಟ್ಟಳು. ಅವಳ ಷರತ್ತು ಒಂದೇ: ಅಲ್ಲಿ ಅಡುಗೆ ನಾವು ಗಂಡಸರೇ ಮಾಡಬೇಕು.

ಮಳೆ ಮುಗಿದು ಕಾಫಿ ಕುಯಿಲು ಇನ್ನೂ ಶುರುವಾಗದ ಬಿಡುವಿನ ದಿನಗಳು. ಬೆಟ್ಟದ ಬುಡದ ಹೆಗ್ಗದ್ದೆಯಲ್ಲಿ ಜೀಪು ಇಳಿದು ಮಲ್ಲೇಶಣ್ಣನ ಹೋಟೆಲಿನಲ್ಲಿ ಟೀ ಕುಡಿದೆವು. ಅವನು ನಮ್ಮ ಗುಡಾರವನ್ನೂ ಗೋಪಾಲನ ಕ್ಯಾಮೆರಾದ ಕರಿಯ ಪೆಟ್ಟಿಗೆಯನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ದೀರ್ಘವಾಗಿ ನೋಡಿದ.

"ಏನ್ ಸಾರ್, ಸಾಮಾನು ಜೋರೈತೆ?"

"ಮೇಲ್ಗಡೆ ಕ್ಯಾಂಪ್ ಹಾಕ್ತಾ ಇದೀವಿ ಕಣ್ರೀ" ಎಂದೆ, ಎದೆ ಸ್ವಲ್ಪ ಮುಂದೆ ಮಾಡಿ.

"ಓ, ಕ್ಯಾಂಪಾ! ಎಲ್ಲೀಗಂಟ ಇರ್ತದೆ?"

"ನಾಳೆ ಮಧ್ಯಾಹ್ನದ ತನಕ."

"ಯಾರ್ ಬೇಕಾರೂ ಬರಬೋದಾ?"

"ಬರ್ಲಿ ಬಿಡಿ, ಬೆಟ್ಟ ಏನು ನಮ್ಮಪ್ಪಂದಾ?"

"ದುಡ್ಡು ಗಿಡ್ಡು?"

"ಅಯ್ಯೋ, ಇದಕ್ಕೆಲ್ಲ ಯಾರಾದ್ರೂ ದುಡ್ಡು ಕೇಳ್ತಾರೇನ್ರೀ?"

ಮಲ್ಲೇಶಣ್ಣನ ಮುಖ ಅರಳಿತು. ಟೀ ದುಡ್ಡು ಕೊಡಹೋದರೆ ಕೈ ಮುಗಿದು, "ಪುಣ್ಯದ ಕೆಲಸ ಸಾರ್, ನಿಮ್ ಹತ್ರ ಈಸ್ಕಂತಿವಾ?" ಎಂದ. ಬೆಟ್ಟ ಹತ್ತುವುದರಲ್ಲಿ ಪುಣ್ಯವಿದೆಯೆಂದು ತಿಳಿದ ಈ ಮನುಷ್ಯ ಎಂಥ ರಸಿಕನಿರಬೇಕೆಂದು ದಾರಿಯುದ್ದಕ್ಕೂ ಹೊಗಳಿಕೊಂಡು ಹತ್ತಿದೆವು.

ಮೇಲಿನ ಸುಖವನ್ನು ಹೇಗೆ ಹೇಳಲಿ! ಕೊರಕಲುಗಳಲ್ಲಿ ದಟ್ಟ ಕಾಡು, ನೆತ್ತಿಯ ಮೇಲೆ ಬರೀ ಹುಲ್ಲು. ಆಚೆ ಘಟ್ಟ ಇಳಿದುಹೋಗುವ ಕಡೆ ಮೋಡಗಳು ನಮ್ಮ ಕಾಲಿಗಿಂತ ಕೆಳಗಿದ್ದವು. ಗಾಳಿ ಬೀಸಿದರೆ ಇಡೀ ಬೆಟ್ಟದ ಹುಲ್ಲು ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ನಮ್ಮ ಗುಡಾರವೂ ಅದನ್ನೇ ಮಾಡಲು ನೋಡಿದಾಗ ಸರಳಾ ಒಂದು ಮೂಲೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುವೆಯಾದ ಹೊಸದರಲ್ಲಿ ಅವಳು ಹಾಗೆ ನಗುತ್ತಿದ್ದಳು. ನನಗೆ ಬಹಳ ಸಂತೋಷವಾಯಿತು. ಇಂಥ ನಗು ಸಿಗುವುದಾದರೆ ವಾರಕ್ಕೊಮ್ಮೆ ಗುಡಾರ ಹಾರಿಸಿಕೊಂಡರೂ ನಷ್ಟವಿಲ್ಲ ಎನ್ನಿಸಿತು.

ಗುಡಾರದ ಮುಂದೆ ಕೂತಾಗ ನನ್ನೊಳಗಿನ ಪಂಡಿತ ಎಚ್ಚೆತ್ತ. ನಮ್ಮ ಹಿಂದಿನವರಿಗೂ ಕ್ಯಾಂಪು ಗೊತ್ತಿತ್ತು, ಪಾಳೆಯ ಎನ್ನುತ್ತಿದ್ದರು ಎಂದು ಶುರುಮಾಡಿದೆ. ಬೀಡು, ಬಿಡಾರ, ದಂಡು, ಶಿಬಿರ ಎಂದು ಹೆಸರುಗಳ ಮಾಲೆ ಪೋಣಿಸಿದೆ. ಪಾಳೆಯಗಾರನೆಂದರೆ ಬೇರಾರೂ ಅಲ್ಲ, ಕ್ಯಾಂಪು ಹಾಕುವವನು, ಅಂದರೆ ಈ ಹೊತ್ತು ನಾನೇ, ಎಂದು ಮುಗಿಸಿದೆ. "ಹಂಗಾದ್ರೆ ಪಾಳೆಯಗಾರರು ಎದ್ದು ಅನ್ನಕ್ಕೆ ಇಡಬೇಕು" ಎಂದಳು ಸರಳಾ.

ಅಕ್ಕಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಚಾಳೀಸು ಚೀಲದೊಳಗಿನ ಶೇವಿಂಗ್ ಡಬ್ಬಿಯಲ್ಲಿದೆ. ತೆಗೆದರೆ ಗುಟ್ಟು ರಟ್ಟು. ತಟ್ಟೆಯಲ್ಲಿ ಹರಡಿದ ಅಕ್ಕಿ ನನಗೆ ಬೆಟ್ಟದ ಮಂಜಿನ ಹಾಗೆ ಒಂದೇ ಬಿಳುಪಾಗಿ ಕಂಡಿತು. ಆದರೂ ಗತ್ತಿನಿಂದ ಬೆರಳಾಡಿಸಿ, ಇಲ್ಲದ ಕಲ್ಲುಗಳನ್ನು ಎರಡು ಸಲ ಹೆಕ್ಕಿ ಎಸೆದಂತೆ ಮಾಡಿ, ಒಲೆಗೆ ಏರಿಸಿದೆ. ಊಟದ ಹೊತ್ತಿಗೆ ಗೋಪಾಲನ ಬಾಯಿಂದ 'ಕಟ್' ಎಂದು ಸದ್ದಾಯಿತು. ಆಮೇಲೆ ಸರಳಾಳ ಬಾಯಿಂದ. "ಕಲ್ಲುಪ್ಪು ಕರಗಿಲ್ಲ ಅಂತ ಕಾಣ್ತದೆ" ಎಂದೆ. ಗೋಪಾಲ ಒಪ್ಪಿಕೊಂಡ. ಸರಳಾ ನನ್ನ ಮುಖವನ್ನೊಮ್ಮೆ ನೋಡಿ ಇನ್ನಷ್ಟು ಸಾರು ಹಾಕಿಕೊಂಡಳು.

ಬೆಳಗ್ಗೆ ಗೋಪಾಲ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು, ಸೂರ್ಯ ಯಾವಾಗ ಮಂಜಿನಿಂದ ಹೊರಬಂದಾನೆಂದು ಕಾಯುತ್ತಿದ್ದ. ಇದ್ದಕ್ಕಿದ್ದಂತೆ "ಅಯ್ಯಯ್ಯೋ!" ಎಂದು ಹಿಂದಕ್ಕೆ ಹಾರಿದ. ಸೂರ್ಯ ಬರಬೇಕಾದ ಜಾಗದಲ್ಲಿ ಅವನಿಗೆ ದೊಡ್ಡದೊಂದು ಕಣ್ಣು ಕಂಡಿತ್ತಂತೆ. ಮುಂಡಾಸು ಸುತ್ತಿದ ಮುದುಕರೊಬ್ಬರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿಕೊಂಡು ನಿಂತಿದ್ದರು. "ಇದ್ರಲ್ಲಿ ಪರವಾಗಿಲ್ಲ ಡಾಕ್ಟ್ರೇ, ಬಲಗಡೇದೇ ಮಂಜು" ಎಂದರು. ಅವರ ಹಿಂದೆ ಮಲ್ಲೇಶಣ್ಣ. ಅವನ ಹಿಂದೆ ಕಾಲುದಾರಿಯುದ್ದಕ್ಕೂ ಛತ್ರಿ, ಕಂಬಳಿ, ಊರುಗೋಲುಗಳ ಸಾಲು ಮಂಜಿನೊಳಗಿಂದ ಒಂದೊಂದಾಗಿ ಮೂಡಿ ಬರುತ್ತಿತ್ತು.

ನನಗೆ ಆಗ ಹೊಳೆಯಿತು. ಪಾಳೆಯ, ಬೀಡು, ಬಿಡಾರ ಎಂದೆಲ್ಲ ಹೇಳಿದ ಪಂಡಿತನಿಗೆ ಹೊಳೆಯಬೇಕಾದದ್ದೇ ಹೊಳೆದಿರಲಿಲ್ಲ. ನಮ್ಮ ಕಡೆ ಸಾಹೇಬರು ಕ್ಯಾಂಪಿಗೆ ಹೋದರೆಂದರೆ ಆಫೀಸಿನಲ್ಲಿ ಕುರ್ಚಿ ಖಾಲಿ ಎಂದರ್ಥ. ಊರಿಗೆ ಕ್ಯಾಂಪು ಬಂತೆಂದರೆ ಕಣ್ಣಿನ ಡಾಕ್ಟರು ಬಂದರೆಂದರ್ಥ. ಬಿಳಿಯ ಗುಡಾರ, ಕರಿಯ ಪೆಟ್ಟಿಗೆ, ಮೂರು ಕಾಲಿನ ಮಿಷೀನು, ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ಇನ್ನೇನು ಬೇಕು?

ಕೈ ಮುಗಿದು, ನಾವು ಡಾಕ್ಟರಲ್ಲ, ಸುಮ್ಮನೆ ಮಲಗಲು ಬಂದವರು ಎಂದೆ. ಮಲ್ಲೇಶಣ್ಣ ಗುಡಾರದೊಳಗೆ ಇಣುಕಿ ಹಾಸಿಗೆಗಳನ್ನು ನೋಡಿದ. "ಮಲಗಕ್ಕೆ ಇಲ್ಲೀಗಂಟ ಬಂದ್ರಾ ಮಾರಾಯ್ರೆ? ಮನೇಲಿ ಏನಾರ ಮನಸ್ತಾಪನಾ?" ಎಂದ, ನಿಜವಾದ ಕಳಕಳಿಯಿಂದ. ಆ ಪ್ರಶ್ನೆಗೆ ಮೊದಲು ನಕ್ಕವಳು ಸರಳಾ. ಆಮೇಲೆ ಮುಂಡಾಸಿನ ಮುದುಕರು ನಕ್ಕರು. ಆ ನಗು ಸಾಲಿನುದ್ದಕ್ಕೂ ಇಳಿದು ಹೋಯಿತು. ಯಾರೂ ಸಿಟ್ಟಾಗಲಿಲ್ಲ. ಡಾಕ್ಟರಿಗೆಂದು ತಂದಿದ್ದ ಕಡುಬು, ಚಟ್ನಿಯ ಗಂಟು ಬಿಚ್ಚಿ, "ಡಾಕ್ಟ್ರು ಇಲ್ದಿದ್ರೆ ಕಡುಬೇನು ಹಳಸಬೇಕಾ?" ಎಂದು ನಮ್ಮನ್ನೂ ಕೂರಿಸಿಕೊಂಡು ತಿನ್ನತೊಡಗಿದರು.

ನಗದೆ ಉಳಿದವರು ಒಬ್ಬರೇ, ದೇವೀರಜ್ಜಿ. ಮಲ್ಲೇಶಣ್ಣನ ಮನೆಯ ಪಕ್ಕದವರಂತೆ. ಗುಡಾರದ ಹಗ್ಗ ಹಿಡಿದುಕೊಂಡು ನಿಂತೇ ಇದ್ದರು.

"ಕನ್ನಡಕ ಕೊಡಲ್ವಾ ಹಂಗಾರೆ?"

"ಇಲ್ಲ ಅಜ್ಜಿ, ತಪ್ಪಾಗಿಬಿಡ್ತು."

"ದೂರದ್ದೆಲ್ಲ ಚೆನ್ನಾಗಿ ಕಾಣ್ತದೆ ಕಣಪ್ಪ. ಆ ಗುಡ್ಡದ ಮೇಲಿರೋ ದನ ಯಾರದು ಅಂತ ಬೇಕಾರೆ ಹೇಳ್ತೀನಿ. ಹತ್ರದ್ದೇ ಕಾಣಲ್ಲ. ಹೋದ ಹಬ್ಬದಲ್ಲಿ ನಾನ್ ಆರಿಸಿದ ಅಕ್ಕೀಲಿ ಕಲ್ಲು ಉಳ್ಕಂಡು ಅಳಿಯನ ಹಲ್ಲು ಮುರಿದ್ಬುಡ್ತು. ಅವತ್ತಿಂದ ಸೊಸೆ ನನ್ ಕೈಗೆ ಮೊರ ಕೊಡಲ್ಲ. ಅತ್ತೆ, ನೀವು ಸುಮ್ನೆ ಕೂತ್ಕಳಿ ಅಂತಾಳೆ. ಬೈದಿದ್ರೆ ನಾನೂ ಬೈತಿದ್ದೆ. ಒಳ್ಳೆ ಮಾತಲ್ಲಿ ಹೇಳ್ಬುಟ್ಳು ಕಣಪ್ಪ, ಏನ್ ಮಾಡ್ಲಿ?"

 ಮೊರ ಎಂದರೆ ಬಿದಿರಿನದೊಂದು ಸಾಮಾನು ಎಂದುಕೊಂಡಿದ್ದೆ. ಈ ಅಜ್ಜಿಗೆ ಅದು ಮನೆಯಲ್ಲಿ ತನಗಿದ್ದ ಜಾಗ. ಅಷ್ಟರಲ್ಲಿ ಸರಳಾ, ಉಪ್ಪು ಕೊಡಿ ಎನ್ನುವಷ್ಟೇ ಸಹಜವಾಗಿ, "ರೀ, ನಿಮ್ಮ ಶೇವಿಂಗ್ ಡಬ್ಬಿಯಲ್ಲಿ ಇರೋದನ್ನ ಕೊಡ್ರಿ" ಎಂದಳು.

ಗೋಪಾಲ ನನ್ನ ಮುಖ ನೋಡಿದ. ನಾನು ಬೆಟ್ಟ ನೋಡಿದೆ. ಆಮೇಲೆ ಎದ್ದು ಹೋಗಿ ಡಬ್ಬಿಯನ್ನೇ ತಂದೆ.

ಅಜ್ಜಿ ಚಾಳೀಸು ಏರಿಸಿ ಮೊದಲು ತಮ್ಮ ಅಂಗೈ ನೋಡಿಕೊಂಡರು. ತಿರುಗಿಸಿ ಬಳೆ ನೋಡಿಕೊಂಡರು. ಸರಳಾ ನಿನ್ನೆ ನಾನು ಆರಿಸಿದ್ದರಲ್ಲಿ ಮಿಕ್ಕಿದ್ದ ಅಕ್ಕಿಯನ್ನು ತಟ್ಟೆಗೆ ಸುರಿದು ಮುಂದಿಟ್ಟಳು. ಅಜ್ಜಿಯ ಬೆರಳು ಕೋಳಿ ಕುಕ್ಕುವ ಹಾಗೆ ಓಡಾಡತೊಡಗಿತು. ಕಲ್ಲು, ನೆಲ್ಲು, ಮತ್ತೆ ಕಲ್ಲು.

"ಅಲ್ಲ ಕಣವ್ವ, ಇದ್ನ ಆರಿಸಿದ್ದು ಯಾರು?"

ಗೋಪಾಲ ಒಂದು ಕೈಯಿಂದ ದವಡೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು ತೋರಿಸಿದ. ಅಜ್ಜಿ ಗಾಜಿನ ಹಿಂದಿನಿಂದ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು.

"ನಿಂಗೂ ನನ್ ಥರಾನೇನಾ?"

"ಹೂಂ ಅಜ್ಜಿ."

ಆಗ ನಕ್ಕರು ದೇವೀರಜ್ಜಿ. ಅಷ್ಟು ಹೊತ್ತು ಹಿಡಿದಿಟ್ಟಿದ್ದನ್ನೆಲ್ಲ ಸೇರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಚಾಳೀಸು ಜಾರುವಂತೆ ನಕ್ಕರು. ಅದನ್ನು ತೆಗೆದು ಹಿಂದಕ್ಕೆ ಚಾಚಿದಾಗ ನಾನು ಅವರ ಕೈಯನ್ನು ಮಡಚಿದೆ. ಕ್ಯಾಂಪು ಬಂದಿದೆಯೆಂದು ನಂಬಿ ಅಷ್ಟು ಎತ್ತರ ಹತ್ತಿದವರ ಪೈಕಿ ಒಬ್ಬರ ಪಾಲಿಗಾದರೂ ಅದು ನಿಜವಾಗಲಿ ಎನ್ನಿಸಿತು. ಮುಂಡಾಸಿನ ಮುದುಕರ ಬಲಗಣ್ಣಿಗೆ ಮಾತ್ರ ನಿಜವಾದ ಡಾಕ್ಟರೇ ಬೇಕಿತ್ತು. ಹಾಸನಕ್ಕೆ ಬಂದರೆ ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆಂದೆ, ಮುಂದೆ ಹೋಗಿಯೂ ಬಂದೆ. ಗೋಪಾಲ ಅಂದು ಎಲ್ಲರನ್ನೂ ಗುಡಾರದ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಸೂರ್ಯೋದಯದ ನೆನಪು ಯಾರಿಗೂ ಇರಲಿಲ್ಲ.

ಮನೆಗೆ ಬಂದವನು ಮತ್ತೆ ಹಾಸನಕ್ಕೆ ಹೋಗಿ, ಗಟ್ಟಿ ದನಿಯಲ್ಲಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ಒಂದು ಚಾಳೀಸು ಕೊಡ್ರಿ" ಎಂದೆ. ಈಗ ಅದನ್ನು ಜಗಲಿಯಲ್ಲಿ ಕೂತು ಹಾಕಿಕೊಳ್ಳುತ್ತೇನೆ. ಪಕ್ಕದ ಮನೆಯ ದೊಡ್ಡಮ್ಮ ನೋಡಿ, "ಚೆನ್ನಾಗೈತೆ ಕಣೋ, ಮೇಷ್ಟ್ರ ಥರ ಕಾಣ್ತೀಯ" ಎಂದರು. ಇಷ್ಟಕ್ಕಾಗಿಯೇ ನಾನು ಅಷ್ಟು ದಿನ ಬಚ್ಚಲಿನಲ್ಲಿ ಪೇಪರು ಓದಿದ್ದು!

ಸುಗ್ಗಿ ಮುಗಿದ ಮೇಲೆ ಒಂದು ದಿನ ಮಲ್ಲೇಶಣ್ಣ ಹುಡುಕಿಕೊಂಡು ಬಂದ. ಹೆಗಲ ಮೇಲೆ ಹೊಸ ಅಕ್ಕಿಯ ಗಂಟು. "ದೇವೀರಜ್ಜಿ ಕೊಟ್ಟವ್ರೆ. ಮೊರ ಈಗ ಅವ್ರ ಕೈಲೇ ಐತೆ, ಸೊಸೇನೂ ಮುಟ್ಟಂಗಿಲ್ಲ" ಎಂದ. ಹೊರಡುವಾಗ ನೆನಪಾಗಿ ಬಾಗಿಲಲ್ಲಿ ನಿಂತ. "ಇನ್ನೊಂದು ಹೇಳವ್ರೆ. ಇದ್ನ ಮತ್ತೆ ಆರಿಸಂಗಿಲ್ಲವಂತೆ. ನೀವು ಕಣ್ ಮುಚ್ಕಂಡ್ ಉಣ್ಬೇಕಂತೆ."

ಅಂದು ಸರಳಾ ಅನ್ನ ಬಡಿಸಿ ಎದುರಿಗೆ ಕೂತಳು. ನಾನು ಚಾಳೀಸನ್ನು ತೆಗೆದು ತಟ್ಟೆಯ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಮೊದಲ ತುತ್ತು ಬಾಯಿಗಿಟ್ಟುಕೊಂಡೆ.