ಪುಂಡಲೀಕ ಕಾಕಾನ ಕೊನೆಯ ಮ್ಯಾಚು

ಬೇಲೆಕೇರಿಯ ದಂಡೆಯಲ್ಲಿ ಮಳೆಗಾಲಕ್ಕೆ ಮೊದಲು ದೋಣಿಗಳನ್ನು ಮಗುಚಿ ಹಾಕಿ ಮೀನೆಣ್ಣೆ ಬಳಿಯುತ್ತಾರೆ. ತಾರ್ಲೆ ಮೀನಿನ ಎಣ್ಣೆ, ಬಿಸಿಲಿಗೆ ಕಾದಾಗ ಮೂಗಿಗೆ ಅಡರುವಂಥ ಗಾಢ ವಾಸನೆ. ಹೊಸಬರು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿಬಿಡುತ್ತಾರೆ. ಹೋದ ವರ್ಷ ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಆ ವಾಸನೆ ಬಂತು; ನನಗೆ ಮಾತ್ರ ಕಂಡದ್ದು ಚಿತ್ತಾಕುಲದ ನಮ್ಮ ಮನೆಯ ಜಗಲಿ, ಅಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ಚರ್ಮದ ಚೆಂಡು ಇಟ್ಟುಕೊಂಡು, ಬಟ್ಟೆಯ ತುಂಡಿನಿಂದ ಎಣ್ಣೆ ತಿಕ್ಕುತ್ತಿದ್ದ ಪುಂಡಲೀಕ ಕಾಕಾ. ಎಣ್ಣೆ ಕುಡಿದ ಚರ್ಮ ನೀರು ಹೀರುವುದಿಲ್ಲ ಎಂದು ಅವನ ನಂಬಿಕೆ. ತಿಕ್ಕಿದ ಮೇಲೆ ಚೆಂಡನ್ನು ಎರಡು ದಿನ ಅಂಗಳದಲ್ಲಿ, ಆಜಿ ಒಣಗಿಸಲು ಹರವಿದ ಸೀಗಡಿಯ ಪಕ್ಕದಲ್ಲೇ ಬಿಸಿಲಿಗಿಡುತ್ತಿದ್ದ. ಕಾಗೆ ಓಡಿಸುವ ಕೋಲು ಹಿಡಿದು ಕೂತ ಆಜಿ ಸೀಗಡಿಯ ಜೊತೆಗೆ ಚೆಂಡನ್ನೂ ಕಾಯುತ್ತಿದ್ದಳು.

ಆ ಮನೆ ಈಗಿಲ್ಲ. ಹೆದ್ದಾರಿ ಅಗಲವಾದಾಗ ಜಗಲಿ, ಅಂಗಳ, ಅರ್ಧ ಅಡುಗೆಮನೆ ಹೋಯಿತು. ಉಳಿದರ್ಧ ತಾನಾಗಿ ಕುಸಿಯಿತು. ಚಿರೇಕಲ್ಲಿನ ಗೋಡೆ, ಹೊಗೆ ಹಿಡಿದು ಕಪ್ಪಾದ ಹಂಚು, ಹಿತ್ತಿಲಿನ ಬೇಲಿಗೆ ಒಣಹಾಕಿದ ಬಲೆ, ಅಲ್ಲಿಂದಾಚೆ ಕಾಳಿ ನದಿ ಸಮುದ್ರಕ್ಕೆ ಸೇರುವಲ್ಲಿನ ಬಿಳಿಯ ಬೆಳಕು. ಈಗ ರಸ್ತೆಯಾಗಿರುವ ಇಂಥ ಮನೆಯೊಂದು ನಿಮಗೂ ಇದ್ದಿರಬಹುದು. ಅದರ ಮೇಲೆ ವಾಹನದಲ್ಲಿ ಹೋಗುವಾಗ ಇಲ್ಲೇ ಒಲೆ ಇತ್ತು ಎಂದು ಮನಸ್ಸು ಅಳೆಯುವ ಹೊತ್ತಿಗೆ ಅದು ದಾಟಿ ಹೋಗಿರುತ್ತದೆ. ನಮ್ಮದು ಕಡಲಿಗಿಳಿಯುವವರ ಮನೆತನ. ಅಪ್ಪ ಒಬ್ಬ ಓದಿ ಮಾಸ್ತರನಾದ. ಅವನ ತಮ್ಮ ಪುಂಡಲೀಕ ಅಂಕೋಲೆಯ ಸಾಹುಕಾರರೊಬ್ಬರ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ. ಅಪ್ಪ ಊರಿನ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ, ಕಾಕಾ ಅದರ ಗೋಲಿ, ಗೋಲು ಕಾಯುವವ. ಹೀಗಾಗಿ ಕ್ಲಬ್ಬಿನ ಚೆಂಡು, ಪಂಪು, ಅಂಗಿಗಳ ಗಂಟು, ಸೋಲು ಗೆಲುವುಗಳ ಜಗಳ ಎಲ್ಲವೂ ನಮ್ಮ ಜಗಲಿಯಲ್ಲೇ ಇರುತ್ತಿದ್ದವು.

ಅವನ ಆಟದ ಬಗ್ಗೆ ಚಿತ್ತಾಕುಲದವರು ಹೇಳುತ್ತಿದ್ದುದರಲ್ಲಿ ಎಷ್ಟು ನಿಜವೋ ಗೊತ್ತಿಲ್ಲ. ಚೆಂಡನ್ನು ಗುದ್ದಿ ಹೊರಗೆ ಹಾಕುವುದು ಅವನಿಗೆ ಸೇರುತ್ತಿರಲಿಲ್ಲ, ಹಿಡಿಯಲೇಬೇಕು. ಹಗ್ಗ ಎಳೆದು ಎಳೆದು ಅಂಗೈ ಆಮೆಯ ಬೆನ್ನಿನಂತಾಗಿದೆ, ಚೆಂಡು ಅಲ್ಲಿಂದ ಜಾರುವುದಿಲ್ಲ ಎನ್ನುತ್ತಿದ್ದರು. ಒಮ್ಮೆ ದೋಣಿ ದಡಕ್ಕೆ ಬರುವುದು ತಡವಾಗಿ, ಅವನು ತೋಳಿಗೆ ಅಂಟಿದ ಮೀನಿನ ಪೊರೆಯನ್ನೂ ತೊಳೆಯದೆ ಮೈದಾನಕ್ಕೆ ಓಡಿಬಂದನಂತೆ. ಅವನು ಹಾರಿದಾಗ ಆ ಪೊರೆ ಬಿಸಿಲಿಗೆ ಮಿಂಚಿತಂತೆ. ಇದನ್ನು ನಾನು ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ. ನಾನು ಕಣ್ಣಾರೆ ಕಂಡದ್ದು ಕಡಿಮೆ: ಆಟ ಶುರುವಾಗುವ ಮೊದಲು ಅವನು ಎರಡೂ ಗೋಲುಕಂಬಗಳನ್ನು ಒಂದೊಂದು ಸಲ ಮುಟ್ಟುತ್ತಿದ್ದ. ಮತ್ತೆ, ಮನೆಯಲ್ಲಿ ಮೂರು ಮಾತಿಗೊಂದು ಮಾತಾಡುವ ಅವನು ಮೈದಾನದಲ್ಲಿ ಇಡೀ ಹೊತ್ತು ತನ್ನ ಹುಡುಗರ ಹೆಸರು ಕೂಗುತ್ತಲೇ ಇರುತ್ತಿದ್ದ. ಅವನಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ಆಜಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಕ್ಲಬ್ಬು ಮೊದಲ ಸಲ ಫೈನಲ್ಲಿಗೆ ಬಂತು. ಕಾರವಾರದ ಮೈದಾನದಲ್ಲಿ, ಅಂಕೋಲೆಯ ತಂಡದ ಎದುರು. ಚಿತ್ತಾಕುಲದಿಂದ ಟೆಂಪೋಗಳಲ್ಲಿ, ಸೈಕಲ್ಲುಗಳಲ್ಲಿ, ಸೇತುವೆಯ ಮೇಲೆ ನಡೆದುಕೊಂಡು ಊರಿಗೆ ಊರೇ ಬಂದಿತ್ತು. ಮಧ್ಯಾಹ್ನ ಒಂದು ಮಳೆ ಹೊಯ್ದು ನಿಂತಿತ್ತು. ದ್ವಿತೀಯಾರ್ಧದಲ್ಲಿ ನಾನು ಕಾಕಾನ ಗೋಲುಕಂಬದ ಪಕ್ಕಕ್ಕೆ, ಗೆರೆಯ ನೇರಕ್ಕೆ, ಒದ್ದೆ ಹುಲ್ಲಿನ ಮೇಲೆ ಚಪ್ಪಲಿ ಇಟ್ಟು ಅದರ ಮೇಲೆ ಕೂತಿದ್ದೆ. ಬೇರೆ ಮಕ್ಕಳೆಲ್ಲ ಕಡಲೆ ಮಾರುವವನ ಹಿಂದೆ ಹೋಗಿದ್ದರು. ಎರಡೂ ಕಡೆ ಗೋಲಿರಲಿಲ್ಲ, ಆಟ ಮುಗಿಯುತ್ತ ಬಂದಿತ್ತು. ಅಂಕೋಲೆಯ ಎತ್ತರದ ಆಟಗಾರನೊಬ್ಬ ದೂರದಿಂದ ಹೊಡೆದ. ಚೆಂಡು ಮೇಲಿನ ಅಡ್ಡಕಂಬದ ಅಡಿಗೆ ಬಡಿದು ನೇರ ಕೆಳಗೆ, ಗೆರೆಯ ಹಿಂದೆ ಕೆಸರಿನಲ್ಲಿ ಬಿತ್ತು. ಗೆರೆಗೂ ಚೆಂಡಿಗೂ ನಡುವೆ ನನ್ನ ಗೇಣಿನಷ್ಟು ಜಾಗವಿತ್ತು. ಅಲ್ಲಿಂದ ಗಿರಕಿ ಹೊಡೆದು ಅದು ವಾಪಸು ಬಂತು, ಕಾಕಾ ಅದರ ಮೇಲೆ ಬಿದ್ದು ಎದೆಗೆ ಅವಚಿಕೊಂಡ. ರೆಫರಿ ಬಹಳ ಹಿಂದಿದ್ದ. ಆಟ ಮುಂದುವರಿಸಿ ಎಂದು ಕೈಬೀಸಿದ. ನಮ್ಮ ಜನ ಪುಂಡಲೀಕ, ಪುಂಡಲೀಕ ಎಂದು ಕುಣಿಯತೊಡಗಿದರು.

ಕಾಕಾ ಮೊಣಕಾಲ ಮೇಲೆ ಎದ್ದವನು ಮೊದಲು ನನ್ನ ಕಡೆ ನೋಡಿದ. ಒಂದು ಕ್ಷಣ, ಅಷ್ಟೇ. ಆಮೇಲೆ ಚೆಂಡನ್ನು ಒದೆಯದೆ, ಅದನ್ನು ಕಂಕುಳಲ್ಲಿ ಇರುಕಿಕೊಂಡು ರೆಫರಿಯ ಹತ್ತಿರ ನಡೆದುಹೋದ. ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ. ಹತ್ತಿರವಿದ್ದವರು ಆಮೇಲೆ ಹೇಳಿದ ಪ್ರಕಾರ ಅದು ಎರಡೇ ಮಾತು: "ಚೆಂಡು ಗೆರೆ ದಾಟಿತ್ತು. ನಾ ಆಮೇಲೆ ಹಿಡ್ದದ್ದು." ರೆಫರಿ ಸೀಟಿ ಊದಿ ನಡುಗೆರೆಯ ಕಡೆ ಕೈ ತೋರಿಸಿದ. ಒಂದು–ಸೊನ್ನೆ. ಐದು ನಿಮಿಷದಲ್ಲಿ ಆಟ ಮುಗಿಯಿತು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೂ ಗಟ್ಟಿಯಾಗಿ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತೇನೋ. ಅಂಕೋಲೆಯ ಸಾಹುಕಾರರ ದೋಣಿಯಲ್ಲಿ ದುಡಿಯುವವನು ಅಂಕೋಲೆಯವರನ್ನು ಗೆಲ್ಲಿಸದೆ ಇರುತ್ತಾನೆಯೇ ಎಂದು ಒಬ್ಬರು ಮೆಲ್ಲಗೆ ಕೇಳಿದರು, ಉಳಿದವರು ನೆಲ ನೋಡಿದರು. ಕಾಕಾ ತುಳಸಿಕಟ್ಟೆಯ ಹತ್ತಿರ ನಿಂತು ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದ. ಚೆಂಡು ದಾಟಿದ್ದನ್ನು ಅವನ ಹೊರತು ಕಂಡವರು ಯಾರಾದರೂ ಇದ್ದಾರೆಯೇ ಎಂಬ ಮಾತು ಬಂತು. ಪಕ್ಕದ ಮನೆಯವರೊಬ್ಬರು, ಮಾಸ್ತರ ಮಗಳು ಅಲ್ಲೇ ಕೂತಿತ್ತಲ್ಲ ಎಂದರು. ಬಾಗಿಲ ಹಿಂದಿದ್ದ ನನ್ನನ್ನು ಅಪ್ಪ ಹೊರಗೆ ಕರೆದ.

"ಸುಮಾ, ನೀ ಅಲ್ಲೇ ಇದ್ದಿದ್ಯಲೆ. ಚೆಂಡು ಒಳಗೆ ಹೋಗಿದ್ದು ಕಂಡ್ಯಾ?"

ಅಷ್ಟು ಮುಖಗಳು ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಅವರೆಲ್ಲರಿಗೂ ಯಾವ ಉತ್ತರ ಬೇಕಾಗಿದೆ ಎನ್ನುವುದು ಹತ್ತು ವರ್ಷದ ಹುಡುಗಿಗೂ ತಿಳಿಯುವಂತಿತ್ತು.

"ನಂಗೆ ಕಾಣ್ಲಿಲ್ಲ," ಎಂದೆ.

ತುಳಸಿಕಟ್ಟೆಯ ಹತ್ತಿರ ನೀರಿನ ಸದ್ದು ನಿಂತಿತು. ಕಾಕಾ ತಂಬಿಗೆ ಕೆಳಗಿಟ್ಟು, ಅಪ್ಪನ ಕಡೆ ನೋಡಿ, "ಸಣ್ಣ ಹುಡ್ಗಿ ಹತ್ರ ಎಂತಕ್ಕೆ ಕೇಳ್ತಿ ದಾದಾ? ಬಿಡು," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ರಾತ್ರಿ ಊಟಕ್ಕೆ ಅವನು ಎಂದಿನಂತೆ ನನ್ನ ಪಕ್ಕದಲ್ಲೇ ಕೂತ, ಎಂದಿನಂತೆ ತನ್ನ ಬಂಗಡೆಯ ನಡುತುಂಡನ್ನು ನನ್ನ ತಟ್ಟೆಗೆ ಹಾಕಿದ. ನಾನು ತಿಂದೆ.

ಅವನನ್ನು ಕ್ಲಬ್ಬಿನಿಂದ ಯಾರೂ ತೆಗೆದುಹಾಕಲಿಲ್ಲ. ಮುಂದಿನ ವರ್ಷ ಆಟ ಶುರುವಾದಾಗ ಕರೆ ಬರಲಿಲ್ಲ, ಅಷ್ಟೇ. ಅಂಗಿಗಳ ಗಂಟು ಬಿಚ್ಚಿದಾಗ ಅವನ ಹಸಿರು ಅಂಗಿ ಬೇರೆ ಹುಡುಗನ ಪಾಲಾಗಿತ್ತು. ಸೆಕ್ರೆಟರಿಯಾಗಿದ್ದ ಅಪ್ಪ ಗಂಟು ಬಿಚ್ಚಿ ಹಂಚುವಾಗ ಕಾಕಾ ಹಿತ್ತಿಲಲ್ಲಿ ಬಲೆ ಸರಿಮಾಡುತ್ತಿದ್ದ. ಅಣ್ಣತಮ್ಮಂದಿರು ಜಗಳವಾಡಿದ್ದು ನನಗೆ ನೆನಪಿಲ್ಲ, ಮಾತಾಡಿದ್ದೂ ನೆನಪಿಲ್ಲ. ಆ ಮಳೆಗಾಲ ಮುಗಿದ ಮೇಲೆ ಅವನು ತನ್ನ ಟ್ರಂಕು ಹೊತ್ತು ಬೇಲೆಕೇರಿಗೆ ಹೋಗಿ ಅಲ್ಲೇ ನೆಲೆಸಿದ. ಅಲ್ಲಿಯೇ ಮದುವೆಯಾದ. ಚೌತಿಗೆ ಬರುತ್ತಿದ್ದ, ಆಜಿಗೆ ಸೀರೆ ತರುತ್ತಿದ್ದ, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದ. ಜಗಲಿಯಲ್ಲಿ ಫುಟ್‌ಬಾಲಿನ ಮಾತು ಬಂದರೆ ಎದ್ದು ಆಜಿಯ ಹತ್ತಿರ ಒಳಗೆ ಹೋಗುತ್ತಿದ್ದ.

ದೊಡ್ಡವಳಾದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಅಂಕೋಲೆಯ ಅಂಚೆ ಕಚೇರಿಯಲ್ಲಿ. ಚಿತ್ತಾಕುಲದವಳೆಂದು ತಿಳಿದ ಕೂಡಲೇ ಅಲ್ಲಿನ ವಯಸ್ಸಾದವರು ಕೇಳುತ್ತಿದ್ದುದು ಒಂದೇ: ಪುಂಡಲೀಕ ಗೊತ್ತೇ? ನನ್ನ ಕಾಕಾ ಎಂದರೆ ಕೌಂಟರಿನ ಮುಂದೆ ಸಾಲು ನಿಂತುಬಿಡುತ್ತಿತ್ತು. ಅವನ ಆಟದ ಬಗ್ಗೆ ನಮ್ಮೂರಿನವರು ಬಾಯಿ ಮುಚ್ಚಿದ ಮೇಲೂ ಅಂಕೋಲೆಯವರು ಅವನನ್ನು ನೆನೆಸುತ್ತಲೇ ಇದ್ದರು. ಅವರಲ್ಲಿ ಶೆಟಗೇರಿಯ ಬೊಮ್ಮಯ್ಯ ಒಬ್ಬರು, ಕದ್ರಾದ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಅವತ್ತು ಆ ಚೆಂಡನ್ನು ಹೊಡೆದವರು ಅವರೇ ಎಂದು ಗೊತ್ತಾದಾಗ ನನ್ನ ಕೈಯಲ್ಲಿದ್ದ ಮೊಹರು ಹಾಗೇ ನಿಂತಿತು.

"ನಂಗೇ ಗೊತ್ತಿರ್ಲಿಲ್ಲ ತಂಗಿ," ಎಂದರು ಬೊಮ್ಮಯ್ಯ. "ಕಂಬಕ್ಕೆ ಬಡ್ದು ಹೊರಗೆ ಬಂತು ಹೇಳಿ ತಿರುಗಿ ಓಡ್ತಾ ಇದ್ದೆ. ಅಲ್ಲಿ ಯಾರೂ ಗೋಲು ಕೇಳ್ಲಿಲ್ಲ. ಅವ ಸುಮ್ನೆ ಇದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ."

ನನಗೆ ತಿಳಿದಿತ್ತು ಎಂದು ಅವರಿಗೆ ಹೇಳಲಿಲ್ಲ. ಬೇಲೆಕೇರಿ ಅಲ್ಲಿಂದ ಹತ್ತಿರ. ರವಿವಾರ ಕಾಕಾನ ಮನೆಗೆ ಹೋಗುತ್ತಿದ್ದೆ, ಅವನು ಮೀನು ಕಟ್ಟಿಕೊಡುತ್ತಿದ್ದ, ಆರೋಗ್ಯ ವಿಚಾರಿಸುತ್ತಿದ್ದ. ಪ್ರತಿ ಸಲ ಹೇಳಬೇಕೆಂದು ಹೋಗಿ ಹೇಳದೆ ಬಂದೆ. ಹಾಗೆ ವರ್ಷಗಳು ಹೋದವು. ಒಂದು ದಿನ ಬೆಳಿಗ್ಗೆ ದಂಡೆಯಲ್ಲಿ ದೋಣಿ ತಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ, ಮತ್ತೆ ಏಳಲಿಲ್ಲ. ಅವನನ್ನು ಹೊತ್ತವರಲ್ಲಿ ಅಂಕೋಲೆ ತಂಡದ ಮೂವರು ಮುದುಕರಿದ್ದರು. ಚಿತ್ತಾಕುಲದಿಂದ ಬಂದವನು ಅಪ್ಪ ಒಬ್ಬನೇ.

ಕಾಕಾನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಅಪ್ಪನ ಜೊತೆ ಚಿತ್ತಾಕುಲದ ಜಗಲಿಯಲ್ಲಿ ಕೂತಿದ್ದಾಗ, ಅವತ್ತು ನಾನು ಕಂಡಿದ್ದೆ ಎಂದು ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ. ಗೊತ್ತಿದೆ ಎಂದ. ಅವತ್ತು ಸಂಜೆ ಜಗಲಿ ಖಾಲಿಯಾದ ಮೇಲೆ ಪುಂಡಲೀಕನೇ ಅವನಿಗೆ ಹೇಳಿದ್ದನಂತೆ: "ಸುಮಂಗೆ ಎಲ್ಲ ಕಂಡದೆ ದಾದಾ. ಆದ್ರೆ ಅದ್ರ ಬಾಯಿಂದ ಹೇಳಿಸ್ಬೇಡ. ಅದು ಇದೇ ಊರಲ್ಲಿ ಬೆಳೀಬೇಕು."

"ಹಂಗಾರೆ ನೀ ಆದ್ರೂ ಹೇಳ್ಬಹುದಿತ್ತಲ್ಲ ಅಪ್ಪ."

ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. "ನಾ ಸೆಕ್ರೆಟರಿ ಆಗಿದ್ದೆ," ಎಂದ.

ಅಪ್ಪ ತೀರಿಕೊಂಡು, ಮನೆ ರಸ್ತೆಯಾಗಿ, ಕೆಲವು ವರ್ಷಗಳಾದ ಮೇಲೆ ಈಗಿನ ಕ್ಲಬ್ಬಿನ ಹುಡುಗರು ಅಂಕೋಲೆಗೆ ನನ್ನನ್ನು ಹುಡುಕಿಕೊಂಡು ಬಂದರು. ಕಾಕಾನ ಹೆಸರಿನಲ್ಲಿ ಒಂದು ಪಂದ್ಯಾವಳಿ ಶುರುಮಾಡುತ್ತಾರಂತೆ, ಉದ್ಘಾಟನೆಗೆ ಮನೆಯವರು ಯಾರಾದರೂ ಬೇಕಂತೆ. ಹೋದೆ. ಚಿತ್ತಾಕುಲದ ಕೋಟೆಗುಡ್ಡದ ಕೆಳಗಿನ ಮೈದಾನದಲ್ಲಿ ಶಾಮಿಯಾನ, ಮೇಜಿನ ಮೇಲೆ ಕಾಕಾನ ಫೋಟೋ, ಯಾವುದೋ ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದು. ಭುಜದ ಮೇಲೆ ಬೇರೆ ಯಾರದೋ ಕೈ ಉಳಿದುಕೊಂಡಿತ್ತು. ಹಳೆಯ ಅಭಿಮಾನಿಗಳು ಒಬ್ಬೊಬ್ಬರಾಗಿ ಮಾತಾಡಿದರು. ಅಂಗೈ, ಮೀನಿನ ಪೊರೆ, ಆ ಗಂಟಲು. ಕೊನೆಗೆ ದಾಮೋದರ ಎಂಬವರು ಎದ್ದರು. ನನ್ನ ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು, ಮಾಸ್ತರ ಮಗಳು ಅಲ್ಲೇ ಕೂತಿತ್ತಲ್ಲ ಎಂದವರು. ಆ ಫೈನಲ್ಲಿನ ಮಾತು ತೆಗೆದರು. ಪುಂಡಲೀಕನ ತಪ್ಪಲ್ಲ ಅದು, ಪಾಪ, ಬೀಳುವಾಗ ಕಂಬಕ್ಕೆ ತಲೆ ಬಡಿದು ಮಂಕು ಕವಿದಿತ್ತು, ಏನು ಹೇಳುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ, ನಾವು ಅದನ್ನು ಯಾವಾಗಲೋ ಮರೆತಿದ್ದೇವೆ ಎಂದರು. ಜನ ತಲೆದೂಗಿದರು. ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದರು. ಇಷ್ಟು ವರ್ಷದಲ್ಲಿ ಊರು ಅವನನ್ನು ಕ್ಷಮಿಸಲು ಕಂಡುಕೊಂಡ ದಾರಿ ಅದಾಗಿತ್ತು.

ನನ್ನ ಸರದಿ ಬಂತು. ಬರೆದು ತಂದ ಹಾಳೆ ಕೈಯಲ್ಲಿತ್ತು, ಅದನ್ನು ಓದಲಿಲ್ಲ. ಅವನ ತಲೆಗೆ ಪೆಟ್ಟಾಗಿರಲಿಲ್ಲ ಎಂದೆ. ಚೆಂಡು ಗೆರೆಯಿಂದ ಒಂದು ಗೇಣು ಒಳಗೆ ಬಿದ್ದಿತ್ತು, ನಾನು ಪಕ್ಕದಲ್ಲಿ ಕೂತು ನೋಡಿದ್ದೆ, ಸಂಜೆ ಕೇಳಿದಾಗ ಹೆದರಿ ಸುಳ್ಳು ಹೇಳಿದೆ ಎಂದೆ. ಮೈಕಿನಲ್ಲಿ ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವತ್ತು ಮೈದಾನದಲ್ಲಿದ್ದವರು ಆ ಶಾಮಿಯಾನದಲ್ಲಿ ಏಳೆಂಟು ಜನ ಉಳಿದಿದ್ದರೋ ಏನೋ. ಅವರು ನನ್ನನ್ನು ನೋಡಲಿಲ್ಲ.

ಕೆಳಗಿಳಿದಾಗ ದಾಮೋದರ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಕೊಡೆ ತೆಗೆದು ಜಾಗ ಮಾಡಿಕೊಟ್ಟರು. ಕೂತೆ. ಮೈದಾನದಲ್ಲಿ ಎರಡು ತಂಡಗಳು ಸಾಲಾಗಿ ನಿಲ್ಲುತ್ತಿದ್ದವು.

"ಹಂಗಾರೆ ಅವ ಹೇಳಿದ್ದೇ ಖರೆ," ಎಂದರು ಅವರು.

"ಖರೆ," ಎಂದೆ.

ಒಂದು ನಿಮಿಷ ಮೌನ ಎಂದು ಮೈಕಿನಲ್ಲಿ ಹೇಳಿದಾಗ ಏಳಲು ದಾಮೋದರರಿಗೆ ಕಷ್ಟವಾಯಿತು. ನನ್ನ ತೋಳು ಹಿಡಿದು ಎದ್ದು ನಿಂತರು. ಮೌನ ಮುಗಿದು ಸೀಟಿ ಊದಿ ಆಟ ಶುರುವಾದ ಮೇಲೂ ಅವತ್ತಿನ ಆ ಮುದುಕರು ಏಳೆಂಟು ಜನ ಕೂರಲಿಲ್ಲ.