ಪಕ್ಕೀರಪ್ಪನ ಕಲ್ಲಿನ ಸಾಲು

ದೇಶನೂರಿನ ಪಕ್ಕೀರಪ್ಪನ ಬಲಮೊಣಕಾಲು ಮಡಚುವುದಿಲ್ಲ. ಆರು ವರ್ಷದ ಹಿಂದೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮುಗಿಸಿ ಸೈಕಲ್ ಮೇಲೆ ಬರುವಾಗ ಟ್ರ್ಯಾಕ್ಟರ್ ಗುದ್ದಿ ಹೋಗಿತ್ತು. ಈಗ ಅದೇ ರಸ್ತೆಯಲ್ಲಿ ಮಗಳು ರೇಣುಕಾ ಸೈಕಲ್ ತುಳಿದು ಸಿರುಗುಪ್ಪದ ಕಾಲೇಜಿಗೆ ಹೋಗುತ್ತಾಳೆ. ಅವಳಿಗಾಗಿ ರಸ್ತೆಯಂಚಿಗೊಂದು ಸೈಕಲ್ ದಾರಿ ಮಾಡಿಸಿಯೇ ತೀರುತ್ತೇನೆಂದು ಈ ಮಹಾರಾಯ ಬಳ್ಳಾರಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟ. ಕಟ್ಟೆಯ ಮೇಲೆ ಕೂತ ನಾವು, “ಬಂತೇನಲೇ ನಿನ್ನ ದಾರಿ?” ಎಂದು ಕೆಣಕುತ್ತಿದ್ದೆವು. ಕೆಲಸವಿಲ್ಲದವರಿಗೆ ಇನ್ನೇನಿದೆ?

ಕೊನೆಗೂ ಬಂದರಪ್ಪ ಬಳ್ಳಾರಿಯಿಂದ, ಸೈಕಲ್ ಸವಾರರ ಸುರಕ್ಷತೆ ಅಳೆಯುವ ವಿಜಯಕುಮಾರ ಸಾಹೇಬರು. ಬಂದದ್ದು ಏಸಿ ಕಾರಿನಲ್ಲಿ!

ಸುಗ್ಗಿಯ ಕಾಲ. ಸುಗ್ಗಿಯಲ್ಲಿ ನಮಗೆ ಡಾಂಬರು ರಸ್ತೆಯೇ ಕಣ. ಅಂಚಿಗೆ ಭತ್ತ ಹರಡಿ, ಗಾಡಿ ಹತ್ತದಂತೆ ಕಲ್ಲಿಡುತ್ತೇವೆ. ಭತ್ತ ಎತ್ತಿದ ಮೇಲೂ ಕಲ್ಲು ತೆಗೆಯುವ ಜಾಯಮಾನ ನಮ್ಮದಲ್ಲ. ಅವತ್ತು ಬೆಳಿಗ್ಗೆ ಪಕ್ಕೀರಪ್ಪ ಒಣಗಿದ ಭತ್ತವನ್ನು ಚೀಲಕ್ಕೆ ತುಂಬಿ ಸಾಗಿಸಿದ್ದ, ಕಲ್ಲು ಹಾಗೇ ಬಿಟ್ಟಿದ್ದ. ಮರುದಿನ ಇನ್ನೊಂದು ರಾಶಿ ಹರಡಬೇಕಿತ್ತಲ್ಲ.

ಸಾಹೇಬರು ಗಾಜು ಇಳಿಸಿದರು. “ಅರೆ, ಇಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿಯೇ ಇದೆ! ಈ ಕಲ್ಲು ಯಾರು ಇಟ್ಟಿದ್ದು?”

ರಸ್ತೆಗೆ ಭತ್ತ ಹಾಕಿದವರ ಮೇಲೆ ಕೇಸು ಎಂದು ಹಿಂದಿನ ವಾರವಷ್ಟೇ ಪೊಲೀಸರು ಆಟೊದಲ್ಲಿ ಮೈಕು ಹಿಡಿದು ಕೂಗಿಸಿದ್ದರು. ಪಕ್ಕೀರಪ್ಪ ಕುಂಟುತ್ತ ಕಾರಿನ ಹತ್ತಿರ ಹೋದ.

“ನಾನೇ ಇಟ್ಟೀನ್ರಿ ಸರ. ಸೈಕಲ್ಲಿನೋರಿಗೆ ಅಂತ.”

“ಭೇಷ್! ಹಾಗಾದರೆ ಇಲ್ಲಿ ಕಾಮಗಾರಿ ಬೇಕಿಲ್ಲ,” ಎಂದು ಸಾಹೇಬರು ಕೂತಲ್ಲೇ ಫೋಟೊ ಹೊಡೆದು ಬರೆದುಕೊಂಡರು. ಕೆಳಗಿಳಿದಿದ್ದರೆ ಬೂಟಿಗೆ ನಾಲ್ಕು ಕಾಳಾದರೂ ಅಂಟುತ್ತಿದ್ದವು. ಇಳಿದರೆ ಬಿಸಿಲಲ್ಲವೇ, ಪಾಪ!

ಕಾರು ಹೋದ ಮೇಲೆ ನಾನು ಅವನನ್ನು ಕೇಳಿದೆ, “ಇಷ್ಟು ದಿನ ಬಾಯಿ ಬಡ್ಕಂಡಿ, ಈಗ್ಯಾಕಲೇ ಮೂಗ ಆದಿ?”

“ಕೇಸ್ ಹಾಕಿದ್ರ ನೀ ಬಿಡಸ್ತಿದ್ದೇನು?” ಎಂದು ನನ್ನ ಮೇಲೇ ಹಾರಿದ.

ಮರುದಿನ ಭತ್ತ ಹರಡಿಯೇ ಹರಡಿದ. ಸಂಜೆ ರೇಣುಕಾ ಕಾಲೇಜಿನಿಂದ ಬಂದಳು. ಅಂಚಿನಲ್ಲಿ ಅಪ್ಪನ ಭತ್ತ, ಹಿಂದೆ ಹಾರ್ನ್ ಒತ್ತುವ ಲಾರಿ. ನಡುರಸ್ತೆಯಲ್ಲಿದ್ದ ಹುಡುಗಿ ಗಾಬರಿಯಾಗಿ ಸೈಕಲ್ಲನ್ನು ಪಕ್ಕಕ್ಕೆ ಎಳೆದಳು, ಗಾಲಿ ಕಲ್ಲಿಗೆ ಬಡಿದು ಬಿದ್ದಳು. ಲಾರಿ ಗೇಣು ದೂರದಲ್ಲಿ ಹಾದುಹೋಯಿತು. ಮೊಣಕೈ ತರಚಿ ರಕ್ತ. ಪಕ್ಕೀರಪ್ಪ ಲಾರಿಯವನ ವಂಶವನ್ನೆಲ್ಲ ಎತ್ತಿ ಬೈಯತೊಡಗಿದ.

“ಅವನಿಗ್ಯಾಕ ಬೈತಿ ಅಪ್ಪಾ?” ಎಂದಳು ರೇಣುಕಾ. “ನಾ ನಡುರಸ್ತಿಗೆ ಯಾಕ ಹೋದೆ, ಅದನ್ನ ಹೇಳು.”

ಪಕ್ಕೀರಪ್ಪ ಚೀಲ ತರಲು ಹೋದ. ಕತ್ತಲಾಗುವಷ್ಟರಲ್ಲಿ ಅರೆಹಸಿ ಭತ್ತವನ್ನೇ ಚೀಲಕ್ಕೆ ತುಂಬಿದ, ಕಲ್ಲುಗಳನ್ನು ಒಂದೊಂದಾಗಿ ರಸ್ತೆ ಪಕ್ಕದ ಕಾಲುವೆಗೆ ಎಸೆದ. ನಾವ್ಯಾರೂ ಕೈ ಹಾಕಲಿಲ್ಲ. ತಲೆ ಕೆಟ್ಟಿದೆ ಎಂದು ನಕ್ಕೆವು.

ಬೆಳಗಾದರೆ ಅಷ್ಟುದ್ದದ ಜಾಗ ಖಾಲಿ. ನನ್ನ ಹತ್ತು ಚೀಲ ಭತ್ತ ಮುಗ್ಗು ಹಿಡಿಯುತ್ತಿತ್ತು. ಬಿಡಲಾದೀತೇ? ಹರಡಿದೆ, ಸುತ್ತ ಕಲ್ಲಿಟ್ಟೆ. ಒಂಬತ್ತಕ್ಕೆ ರೇಣುಕಾ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಳು.

“ಇದು ನಿಂದೇನು ಮಾಮಾ?” ಎಂದಳು ಅಷ್ಟೇ. ಸೈಕಲ್ಲನ್ನು ನಡುರಸ್ತೆಗೆ ತಿರುಗಿಸಿದಳು.